ಕ್ಷಿಝೋವಾ: ಎರಡು ಹೆಸರುಗಳ ಗ್ರಾಮ

ಪೋಲೆಂಡಿನ ನೈರುತ್ಯ ಭಾಗದಲ್ಲಿ, ಶ್ವಿಡ್ನಿತ್ಸಾ ನಗರಕ್ಕೆ ಅನತಿದೂರದಲ್ಲಿರುವ ಈ ಪುಟ್ಟ ಗ್ರಾಮವು 1945ರವರೆಗೆ ಜರ್ಮನಿಗೆ ಸೇರಿದ್ದು, ಕ್ರೈಸೌ ಎಂಬ ಅಭಿಧಾನದಿಂದ ಪ್ರಸಿದ್ಧವಾಗಿದ್ದಿತು. 1866ರಲ್ಲಿ ಆಸ್ಟ್ರಿಯಾವನ್ನು ಜಯಿಸಿದ ಪ್ರಷ್ಯಾದ ಸೇನಾನಿ ಹೆಲ್ಮೂತ್ ಫಾನ್ ಮೋಲ್ಟ್ಕೆಯು, ತನಗೆ ಪಾರಿತೋಷಕವಾಗಿ ದೊರೆತ ಧನದಿಂದ 1867ರಲ್ಲಿ ಇಲ್ಲಿಯ ಭೂಮಿಯನ್ನೂ ಭವನವನ್ನೂ ಕೊಂಡನು.

ಯುದ್ಧದಿಂದ ಕೀರ್ತಿಪಡೆದ ಆ ಮನೆತನದಲ್ಲಿಯೇ ಜನಿಸಿದ ಹೆಲ್ಮೂತ್ ಜೇಮ್ಸ್ ಫಾನ್ ಮೋಲ್ಟ್ಕೆಯವರು, 1942 ಮತ್ತು 1943ರಲ್ಲಿ ಮೂರು ಬಾರಿ, ದಿಬ್ಬದ ಮೇಲಣ ಚಿಕ್ಕ ಮನೆಯಲ್ಲಿ ಕ್ಯಾಥೊಲಿಕರು, ಪ್ರೊಟೆಸ್ಟೆಂಟರು, ಸಮಾಜವಾದಿಗಳು ಎಂಬ ಭೇದವೆಣಿಸದ ಸ್ನೇಹಿತರೊಡನೆ ರಹಸ್ಯವಾಗಿ ಕಲೆತು, ಹಿಟ್ಲರನ ಪತನಾನಂತರ ನ್ಯಾಯವೂ ಮಾನವಗೌರವವೂ ಜರ್ಮನಿಯಲ್ಲಿ ಪುನಃ ಪ್ರತಿಷ್ಠಿತವಾಗುವ ಬಗೆಯನ್ನು ಚಿಂತಿಸಿದರು. ಆ ಚಿಂತನೆಗಾಗಿ 1945ರ ಜನವರಿ 23ರಂದು ಬರ್ಲಿನ್ನಿನಲ್ಲಿ ಪ್ರಾಣವನ್ನೇ ತೆತ್ತರು.

ಯುದ್ಧಾನಂತರ ಗಡಿಗಳು ಸರಿದು, ಜರ್ಮನ್ ನಿವಾಸಿಗಳು ತಮ್ಮ ಮನೆಗಳನ್ನು ತ್ಯಜಿಸಬೇಕಾಗಿ ಬಂದಿತು. ಪೋಲಿಷ್ ಕುಟುಂಬಗಳು ಇಲ್ಲಿ ನೆಲಸಿದವು. ಭೂಮಿಯು ಸರ್ಕಾರಿ ಕೃಷಿಕ್ಷೇತ್ರವಾಯಿತು. ಭವನವು ಕ್ರಮೇಣ ಶಿಥಿಲವಾಯಿತು.

1989ರ ನವೆಂಬರ್ 12ರಂದು, ಬರ್ಲಿನ್ ಗೋಡೆ ತೆರೆದ ಮೂರನೆಯ ದಿನ, ನೀವೀಗ ನಿಂತಿರುವ ಈ ಅಂಗಳದಲ್ಲಿಯೇ ನಡೆದ ಪ್ರಾರ್ಥನಾಪೂಜೆಯಲ್ಲಿ, ಪೋಲೆಂಡಿನ ಪ್ರಧಾನಮಂತ್ರಿ ತದೇವುಷ್ ಮಜೋವಿಯೆಟ್ಸ್ಕಿಯವರೂ ಪಶ್ಚಿಮ ಜರ್ಮನಿಯ ಛಾನ್ಸಲರ್ ಹೆಲ್ಮೂತ್ ಕೋಲ್ ಅವರೂ ಪರಸ್ಪರ ಆಲಿಂಗಿಸಿ ಶಾಂತಿಯನ್ನು ಹಾರೈಸಿದರು. ಜೀರ್ಣೋದ್ಧಾರಗೊಂಡ ಈ ಕಟ್ಟಡಗಳಲ್ಲಿ ಇಂದು ನಾನಾ ದೇಶಗಳ ತರುಣರು ಒಂದುಗೂಡಿ ಕಲಿಯುತ್ತಾರೆ. ಒಂದು ಕಾಲದಲ್ಲಿ ಪಿಸುಮಾತಿನಲ್ಲಿ ಆಡಬೇಕಾಗಿದ್ದ ವಿಚಾರಗಳನ್ನು ಅವರಿಲ್ಲಿ ನಿರ್ಭೀತಿಯಿಂದ ನುಡಿಯುತ್ತಾರೆ.