ಭಯದಿಂದ ಬಂದ ಒಪ್ಪಿಗೆ

1952ರ ಮಾರ್ಚ್ 31ರಂದು ಇಂಗ್ಲೆಂಡಿನ ನಟ್ಸ್‌ಫರ್ಡ್ ಪಟ್ಟಣದ ನ್ಯಾಯಾಲಯದಲ್ಲಿ ಗಣಿತಜ್ಞ ಅಲನ್ ಟ್ಯೂರಿಂಗ್ ಅವರ ವಿಚಾರಣೆ ನಡೆಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ಗುಪ್ತಲಿಪಿಯನ್ನು ಭೇದಿಸಿದವರಲ್ಲಿ ಅವರು ಪ್ರಮುಖರು. ಗಣಕಯಂತ್ರದ ಸಿದ್ಧಾಂತಕ್ಕೆ ತಳಹದಿ ಹಾಕಿದವರು. ಮತ್ತೊಬ್ಬ ಪುರುಷನೊಡನೆ ಸಂಬಂಧವಿರಿಸಿಕೊಂಡರೆಂಬುದೇ ಅವರ ಮೇಲಿದ್ದ ಆರೋಪ. 1885ರ ಶಾಸನದಂತೆ ಅದು ಅಪರಾಧವಾಗಿತ್ತು. ಸೆರೆವಾಸವನ್ನು ತಪ್ಪಿಸಿಕೊಳ್ಳಲು ಟ್ಯೂರಿಂಗ್ ಒಂದು ವರ್ಷ ಕಾಲ ಹಾರ್ಮೋನು ಚಿಕಿತ್ಸೆಗೆ ಒಳಗಾಗುವ ಷರತ್ತನ್ನು ಸ್ವೀಕರಿಸಿದರು. ಸ್ತ್ರೀ ಹಾರ್ಮೋನನ್ನು ದೇಹಕ್ಕೆ ಸೇರಿಸಿ ಕಾಮನೆಯನ್ನು ಅಡಗಿಸುವುದು ಅದರ ಉದ್ದೇಶವಾಗಿತ್ತು. 1954ರ ಜೂನ್ 7ರಂದು, ತಮ್ಮ 41ನೆಯ ವಯಸ್ಸಿನಲ್ಲಿ, ಅವರು ಮರಣ ಹೊಂದಿದರು. ಅದು ಆತ್ಮಹತ್ಯೆಯೆಂದು ಮರಣ ವಿಚಾರಣೆಯಲ್ಲಿ ತೀರ್ಮಾನವಾಯಿತು.

ಕಾಗದದ ಮೇಲೆ ನೋಡಿದರೆ ಟ್ಯೂರಿಂಗ್ ಆ ಚಿಕಿತ್ಸೆಗೆ ತಾವೇ ಒಪ್ಪಿದ್ದರು. ಆದರೆ ಒಂದು ಕಡೆ ಸೆರೆಮನೆ, ಇನ್ನೊಂದು ಕಡೆ ಔಷಧ ಎಂದಾಗ ಆಯ್ದುಕೊಂಡದ್ದನ್ನು ಒಪ್ಪಿಗೆಯೆಂದು ಕರೆಯಬಹುದೆ? ಮನುಷ್ಯರ ಲೈಂಗಿಕ ಒಲವನ್ನು ಅಥವಾ ಲಿಂಗಭಾವವನ್ನು ಬದಲಿಸುವೆವೆಂದು ಹೇಳುವ ‘ಪರಿವರ್ತನಾ ಚಿಕಿತ್ಸೆ’ಯ ಇತಿಹಾಸದುದ್ದಕ್ಕೂ ಈ ಪ್ರಶ್ನೆ ಎದುರಾಗುತ್ತದೆ. ಅದನ್ನು ನಿಷೇಧಿಸುವ ಬ್ರಿಟಿಷ್ ಸರ್ಕಾರದ ಯೋಜನೆ ಎಡವಿದ ಸ್ಥಳಗಳಲ್ಲಿ ಇದೂ ಒಂದು.

1960ರ ದಶಕದಲ್ಲಿ ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿಯೇ ಇಂತಹ ಚಿಕಿತ್ಸೆಗಳು ನಡೆಯುತ್ತಿದ್ದವು. ಪುರುಷರ ಚಿತ್ರಗಳನ್ನು ತೋರಿಸುತ್ತ ವಿದ್ಯುದಾಘಾತ ಕೊಡುವುದು, ವಾಂತಿ ಬರಿಸುವ ಔಷಧವನ್ನು ಚುಚ್ಚುವುದು ಇವುಗಳಲ್ಲಿ ಸೇರಿದ್ದವು. ಇವುಗಳಿಗೆ ಒಳಗಾದವರ ನೆನಪುಗಳನ್ನು ಸಂಗ್ರಹಿಸಿದ ಒಂದು ಅಧ್ಯಯನವು 2004ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಪೊಲೀಸರಿಗೆ ಅಥವಾ ಮನೆಯವರಿಗೆ ತಿಳಿದೀತೆಂಬ ಅಂಜಿಕೆ ಅವರಲ್ಲಿ ಬಹುಮಂದಿಯನ್ನು ಕಾಡಿತ್ತು. ಅವರು ವೈದ್ಯರ ಬಾಗಿಲಿಗೆ ತಾವಾಗಿ ನಡೆದು ಬಂದಿರಬಹುದು; ಆದರೆ ಅವರನ್ನು ನಡೆಸಿದ್ದು ಭಯ.

ಕಾಲಕ್ರಮೇಣ ಶಾಸನವೂ ವೈದ್ಯಶಾಸ್ತ್ರವೂ ತಮ್ಮ ನಿಲುವನ್ನು ತಿದ್ದಿಕೊಂಡವು. 1967ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 21 ವರ್ಷ ದಾಟಿದ ಪುರುಷರ ಖಾಸಗಿ ಸಂಬಂಧವು ಅಪರಾಧವಲ್ಲವೆಂದಾಯಿತು. 1973ರಲ್ಲಿ ಅಮೆರಿಕದ ಮನೋವೈದ್ಯರ ಸಂಘವೂ 1990ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಸಲಿಂಗಪ್ರೇಮವನ್ನು ರೋಗಗಳ ಪಟ್ಟಿಯಿಂದ ತೆಗೆದುಹಾಕಿದವು. ರೋಗವೇ ಅಲ್ಲದ ಮೇಲೆ ಚಿಕಿತ್ಸೆಯ ಮಾತೆಲ್ಲಿ? ಆದರೂ ಅದು ನಿಲ್ಲಲಿಲ್ಲ. ಬ್ರಿಟಿಷ್ ಸರ್ಕಾರವು 2018ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ 1,08,000ಕ್ಕೂ ಹೆಚ್ಚು ಲೈಂಗಿಕ ಅಲ್ಪಸಂಖ್ಯಾತರು ಪಾಲ್ಗೊಂಡಿದ್ದರು. ಶೇಕಡಾ 2ರಷ್ಟು ಮಂದಿ ತಾವು ಈ ಚಿಕಿತ್ಸೆಗೆ ಒಳಗಾಗಿದ್ದೇವೆಂದೂ ಇನ್ನು ಶೇಕಡಾ 5ರಷ್ಟು ಮಂದಿ ತಮಗೆ ಅದರ ಸಲಹೆ ಬಂದಿತ್ತೆಂದೂ ತಿಳಿಸಿದರು. ಒಳಗಾದವರಲ್ಲಿ ಅರ್ಧದಷ್ಟು ಮಂದಿಗೆ ಅದು ನಡೆದದ್ದು ಆಸ್ಪತ್ರೆಯಲ್ಲಲ್ಲ, ಧಾರ್ಮಿಕ ಸಂಸ್ಥೆಗಳಲ್ಲಿ. ಅದೇ ವರ್ಷದ ಜುಲೈಯಲ್ಲಿ ಸರ್ಕಾರವು ಈ ಪದ್ಧತಿಯನ್ನು ಕೊನೆಗಾಣಿಸುವ ವಾಗ್ದಾನ ಮಾಡಿತು.

2021ರ ಅಕ್ಟೋಬರಿನಲ್ಲಿ ಪ್ರಸ್ತಾವವು ಸಾರ್ವಜನಿಕರ ಮುಂದೆ ಬಂದಿತು. 18 ವರ್ಷದೊಳಗಿನವರಿಗೆ ಸಂಪೂರ್ಣ ರಕ್ಷಣೆ. ವಯಸ್ಕರು ಅರಿತು ಒಪ್ಪಿದ್ದಾದರೆ ಮಾತಿನ ಮೂಲಕ ನಡೆಯುವ ಚಿಕಿತ್ಸೆಗೆ ವಿನಾಯಿತಿ. ಈ ವಿನಾಯಿತಿಯು ತೀವ್ರ ಟೀಕೆಗೆ ಗುರಿಯಾಯಿತು. ಕುಟುಂಬವನ್ನೂ ಸಮುದಾಯವನ್ನೂ ಕಳೆದುಕೊಳ್ಳುವ ಭೀತಿಯಲ್ಲಿರುವವನ ಒಪ್ಪಿಗೆಗೆ ಬೆಲೆಯೇನು ಎಂದು ವಿರೋಧಿಗಳು ಕೇಳಿದರು. ಪ್ರಾರ್ಥನೆ, ಗುರುಗಳ ಉಪದೇಶ, ತಂದೆತಾಯಿಗಳ ಬುದ್ಧಿಮಾತುಗಳೂ ಅಪರಾಧವಾಗಬಹುದೆಂದು ಇನ್ನು ಕೆಲವರು ಆತಂಕಪಟ್ಟರು. ಎರಡನೆಯ ಆತಂಕವೂ ತಳ್ಳಿಹಾಕುವಂಥದ್ದಲ್ಲ. ಸಾಂತ್ವನ ಹೇಳುವುದಕ್ಕೂ ಮುಂಚೆಯೇ ನಿಶ್ಚಯಿಸಿದ ಗುರಿಗೆ ಒಬ್ಬನನ್ನು ಎಳೆಯುವುದಕ್ಕೂ ಇರುವ ಗೆರೆಯನ್ನು ಶಾಸನದ ಭಾಷೆಯಲ್ಲಿ ಬರೆಯುವುದು ಸುಲಭವಲ್ಲ. ಇತರ ರಾಷ್ಟ್ರಗಳೂ ಈ ಗೆರೆಯನ್ನು ಬೇರೆ ಬೇರೆ ಕಡೆ ಎಳೆದಿವೆ. ಜರ್ಮನಿಯ 2020ರ ಶಾಸನವು ಅಪ್ರಾಪ್ತ ವಯಸ್ಕರನ್ನೂ, ಬಲವಂತದಿಂದ ಅಥವಾ ವಂಚನೆಯಿಂದ ಒಪ್ಪಿಸಲ್ಪಟ್ಟ ವಯಸ್ಕರನ್ನೂ ರಕ್ಷಿಸುತ್ತದೆ. 2022ರ ಜನವರಿಯಲ್ಲಿ ಜಾರಿಗೆ ಬಂದ ಕೆನಡಾದ ಶಾಸನವಾದರೋ ವಯಸ್ಕರ ಒಪ್ಪಿಗೆಗೂ ವಿನಾಯಿತಿ ನೀಡಲಿಲ್ಲ.

ಬ್ರಿಟನ್ನಿನಲ್ಲಿ ಮಾತ್ರ ವಾಗ್ದಾನವು ಓಲಾಡಿತು. 2022ರ ಮಾರ್ಚ್ 31ರಂದು, ನಟ್ಸ್‌ಫರ್ಡ್ ವಿಚಾರಣೆಗೆ ಸರಿಯಾಗಿ 70 ವರ್ಷ ತುಂಬಿದ ದಿನ, ಸರ್ಕಾರವು ಯೋಜನೆಯನ್ನು ಕೈಬಿಡಲಿದೆಯೆಂಬ ಸುದ್ದಿ ಹೊರಬಿದ್ದಿತು. ಕೆಲವೇ ಗಂಟೆಗಳಲ್ಲಿ ನಿರ್ಧಾರ ಬದಲಾಯಿತು. ಆದರೆ ಲಿಂಗಪರಿವರ್ತಿತರನ್ನು ಹೊರಗಿಡಲಾಯಿತು. 2023ರ ಜನವರಿಯಲ್ಲಿ ಅವರನ್ನೂ ಸೇರಿಸುವುದಾಗಿ ಘೋಷಣೆಯಾಯಿತು. 2024ರ ಜುಲೈಯಲ್ಲಿ ಹೊಸ ಸರ್ಕಾರವು ರಾಜಭಾಷಣದ ಮೂಲಕ ಕರಡು ಮಸೂದೆಯ ಭರವಸೆಯನ್ನಿತ್ತಿತು. ಮೊದಲ ವಾಗ್ದಾನದಿಂದ ಅಲ್ಲಿಗೆ ಆರು ವರ್ಷಗಳು ಕಳೆದಿದ್ದವು.

ಬ್ರಿಟಿಷರು 1860ರ ದಂಡ ಸಂಹಿತೆಯ 377ನೆಯ ಕಲಮಿನ ಮೂಲಕ ತಮ್ಮ ನಿಷೇಧವನ್ನು ಭಾರತಕ್ಕೂ ತಂದಿದ್ದರು. ವಯಸ್ಕರ ಸಮ್ಮತಿಯ ಸಂಬಂಧಗಳಿಗೆ ಅದು ಅನ್ವಯಿಸದೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಸಾರಿತು. 2021ರಲ್ಲಿ, ಹೆತ್ತವರ ವಿರೋಧದಿಂದ ಮನೆ ಬಿಟ್ಟು ಬಂದ ಇಬ್ಬರು ಯುವತಿಯರ ಮೊಕದ್ದಮೆಯನ್ನು ಕೇಳಿದ ಮದರಾಸು ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್, ತೀರ್ಪಿಗೆ ಮುನ್ನ ಮನಶ್ಶಾಸ್ತ್ರಜ್ಞರಿಂದ ತಾವೇ ತಿಳಿವಳಿಕೆ ಪಡೆದರು. ಇಂತಹ ಚಿಕಿತ್ಸೆಯ ಯತ್ನಗಳನ್ನು ಅವರು ನಿಷೇಧಿಸಿದರು. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಪರಿವರ್ತನಾ ಚಿಕಿತ್ಸೆಯನ್ನು ವೃತ್ತಿಪರ ದುರ್ನಡತೆಯೆಂದು ಪರಿಗಣಿಸುವಂತೆ ರಾಜ್ಯಗಳ ವೈದ್ಯಕೀಯ ಪರಿಷತ್ತುಗಳಿಗೆ ತಿಳಿಸಿತು.

ಆದರೆ ಆಯೋಗದ ಆದೇಶವು ವೈದ್ಯನ ಕೈಯನ್ನು ತಡೆಯಬಲ್ಲುದೇ ಹೊರತು ಮನೆಯೊಳಗಿನ ಒತ್ತಾಯವನ್ನು ತಡೆಯಲಾರದು. ಮಗನನ್ನೋ ಮಗಳನ್ನೋ ಇಂತಹ ಚಿಕಿತ್ಸೆಗೆ ಕರೆದೊಯ್ಯುವ ತಂದೆತಾಯಿಗಳು ಬಹುಮಟ್ಟಿಗೆ ಹಿತವನ್ನೇ ಬಯಸುವವರು. ಮಕ್ಕಳು ಎದುರಾಡದೆ ತಲೆಯಾಡಿಸಿದರೆ ಅದನ್ನು ಸಮ್ಮತಿಯೆಂದೇ ತಿಳಿಯುವವರು. ಅದು ನಿಜವಾಗಿ ಸಮ್ಮತಿಯೇ ಎಂದು ತಿಳಿಯಲು ದಾರಿ ಒಂದೇ: ಬೇಡವೆಂದು ಹೇಳಿದರೂ ಮನೆಯ ಪ್ರೀತಿ ಕಡಿಮೆಯಾಗದೆಂಬ ಭರವಸೆ ಆ ಮಗುವಿಗೆ ಮೊದಲೇ ಇದ್ದಿರಬೇಕು.