ಸೇವೆಗೂ ವಿದ್ಯೆ

ದಾನಧರ್ಮಗಳು ನಮ್ಮ ದೇಶಕ್ಕೆ ಹೊಸತಲ್ಲ. ದೀನರ ಸೇವೆಗೂ ಕ್ರಮವಾದ ವಿದ್ಯಾಭ್ಯಾಸವು ಬೇಕೆಂಬುದು ಹೊಸತು. ಮುಂಬಯಿಯ ಕೂಲಿಕಾರರ ವಸತಿಯಾದ ನಾಗಪಾಡದಲ್ಲಿ ಸೇವಾಕೇಂದ್ರವನ್ನು ನಡೆಸುತ್ತಿದ್ದ ಅಮೆರಿಕದ ಪಾದ್ರಿ ಕ್ಲಿಫರ್ಡ್ ಮಾನ್‌ಷಾರ್ಟ್‌ರವರು, ಕರುಣೆಯೊಂದೇ ಸಾಲದು, ಶಿಕ್ಷಣವನ್ನು ಹೊಂದಿದ ಸೇವಕರು ಬೇಕೆಂದು ಬಗೆದರು. 1936ರಲ್ಲಿ ಸರ್ ದೊರಾಬ್ಜಿ ಟಾಟಾ ಧರ್ಮನಿಧಿಯ ನೆರವಿನಿಂದ ಪದವೀಧರರಿಗಾಗಿ ಸಮಾಜಸೇವಾ ವಿದ್ಯಾಲಯವೊಂದು ಸ್ಥಾಪಿತವಾಯಿತು. ಅದರ ಮೊದಲನೆಯ ನಿರ್ದೇಶಕರು ಅವರೇ. ಪಾಠಗಳು ಆ ಕೇಂದ್ರದಲ್ಲಿಯೇ ಮೊದಲಾದುವು. ಓದಿದುದನ್ನು ನೆರೆಯ ಬೀದಿಯೇ ಒರೆಗೆ ಹಚ್ಚುತ್ತಿದ್ದಿತು. 1944ರಲ್ಲಿ ವಿದ್ಯಾಲಯಕ್ಕೆ ಟಾಟಾ ಸಮಾಜವಿಜ್ಞಾನ ಸಂಸ್ಥೆಯೆಂದು ಹೆಸರಾಯಿತು. 1947ರ ದೇಶವಿಭಜನೆಯಲ್ಲಿ ಮನೆಮಾರು ಕಳೆದುಕೊಂಡವರು ಕುರುಕ್ಷೇತ್ರದ ಶಿಬಿರವನ್ನು ತುಂಬಿದಾಗ, ಇಲ್ಲಿಯ ಅಧ್ಯಾಪಕರೂ ವಿದ್ಯಾರ್ಥಿಗಳೂ ಅಲ್ಲಿಗೆ ತೆರಳಿ ಅವರ ನಡುವೆ ದುಡಿದರು. ಗೀತೋಪದೇಶವಾದ ಆ ನೆಲದಲ್ಲಿ ಜ್ಞಾನಕರ್ಮಗಳು ಮತ್ತೊಮ್ಮೆ ಜೊತೆಗೂಡಿದುವು.