ಕೀಹೋಲ್ ಆಪರೇಷನ್ ವೇಳೆ ರಕ್ತನಾಳಕ್ಕೆ ಗಾಯವಾದರೆ

ಗರ್ಭಕೋಶ ತೆಗೆಯಲು ಅಥವಾ ಅಂಡಾಶಯದ ಗಡ್ಡೆಗೆ ಮಾಡುವ ಕೀಹೋಲ್ ಆಪರೇಷನ್, ಅಂದರೆ ಲ್ಯಾಪರೊಸ್ಕೋಪಿ, ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಯ ಆಸ್ಪತ್ರೆಗಳಲ್ಲಿ ಈಗ ಸಾಮಾನ್ಯ. ಗಾಯ ಸಣ್ಣದು, ಚೇತರಿಕೆ ಬೇಗ. ದೊಡ್ಡ ರಕ್ತನಾಳಕ್ಕೆ ಪೆಟ್ಟಾಗುವುದು 1,000 ಮಂದಿಯಲ್ಲಿ ಒಬ್ಬರಿಗಿಂತಲೂ ಕಡಿಮೆ. ಆದರೆ ಆದಾಗ ಪ್ರತಿ ನಿಮಿಷವೂ ಮುಖ್ಯ.

ಇಂಥ ಗಾಯ ಹೆಚ್ಚಾಗಿ ಆಗುವುದು ಆರಂಭದಲ್ಲೇ, ಹೊಕ್ಕುಳ ಬಳಿ ಸೂಜಿ ಅಥವಾ ಕೊಳವೆ ಒಳಗೆ ಸೇರಿಸುವಾಗ. ಮಹಾಪಧಮನಿ ಎರಡಾಗಿ ಕವಲೊಡೆಯುವುದು ಹೊಕ್ಕುಳಿನ ಆಸುಪಾಸಿನಲ್ಲೇ. ತೀರಾ ತೆಳ್ಳಗಿರುವವರಲ್ಲಿ ಹೊಟ್ಟೆಯ ಚರ್ಮದಿಂದ ಅದು ಕೆಲವೇ ಸೆಂಟಿಮೀಟರ್ ದೂರ. ಹಿಂದೆ ಸಿಸೇರಿಯನ್ ಆಗಿದ್ದರೆ ಒಳಗಿನ ಅಂಗಗಳು ಒಂದಕ್ಕೊಂದು ಅಂಟಿಕೊಂಡಿರಬಹುದು. ಅದನ್ನೂ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಮೊದಲೇ ಹೇಳಿ.

ರಕ್ತ ಚಿಮ್ಮಿದರೆ ಸರ್ಜನ್ ಮೊದಲು ಆ ಜಾಗವನ್ನು ಒತ್ತಿ ಹಿಡಿಯುತ್ತಾರೆ. ಅರಿವಳಿಕೆ ವೈದ್ಯರು ಸಲೈನ್, ರಕ್ತ ಏರಿಸುತ್ತಾರೆ. ಸಣ್ಣ ನಾಳವನ್ನು ಕ್ಲಿಪ್, ಹೊಲಿಗೆ ಅಥವಾ ಶಾಖದಿಂದ ಮುಚ್ಚಬಹುದು. ದೊಡ್ಡದಾದರೆ ಹೊಟ್ಟೆ ತೆರೆದು, ರಕ್ತನಾಳ ತಜ್ಞರನ್ನು ಕರೆಸಿ ಹೊಲಿಯಬೇಕಾಗುತ್ತದೆ. ‘ಓಪನ್ ಮಾಡಬೇಕಾಯಿತು’ ಎಂದಾಗ ಹೊರಗೆ ಕಾಯುವ ಮನೆಯವರ ಎದೆ ಧಸಕ್ಕೆನ್ನುವುದು ಸಹಜ. ಆದರೆ ಇಂಥ ಹೊತ್ತಿನಲ್ಲಿ ಜೀವ ಉಳಿಸುವುದು ಆ ನಿರ್ಧಾರವೇ.

ಆದ್ದರಿಂದ ಒಪ್ಪಿಗೆ ಪತ್ರವನ್ನು ಓದದೆ ಸಹಿ ಮಾಡಬೇಡಿ. ಅದು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ನಿಮಗೆ ತಿಳಿಯುವ ಭಾಷೆಯಲ್ಲಿ ವಿವರಿಸಲು ಕೇಳಿ. ಪರೀಕ್ಷೆಗೆಂದು ಮಾಡುವ ಲ್ಯಾಪರೊಸ್ಕೋಪಿಗೆ ಕೊಟ್ಟ ಒಪ್ಪಿಗೆ ಗರ್ಭಕೋಶ ತೆಗೆಯಲು ಸಾಲದು, ಜೀವಾಪಾಯವಿದ್ದರೆ ಮಾತ್ರ ವಿನಾಯಿತಿ ಎಂದು ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದೆ. ರಕ್ತದ ಗುಂಪು ಪರೀಕ್ಷಿಸಿ ರಕ್ತ ಹೊಂದಿಸಿ ಇಟ್ಟಿದ್ದಾರೆಯೇ, ಬೇಕಾದರೆ ಎಷ್ಟು ಹೊತ್ತಿನಲ್ಲಿ ಬರುತ್ತದೆ, ರಕ್ತನಾಳ ತಜ್ಞರು ಎಲ್ಲಿಂದ ಬರಬೇಕು? ಸಣ್ಣ ನರ್ಸಿಂಗ್ ಹೋಮ್ ಆದರೆ ಇದನ್ನು ಕೇಳಲೇಬೇಕು. ಸಂಜೆಯ ಟ್ರಾಫಿಕ್ಕಿನಲ್ಲಿ ಕಲ್ಯಾಣ್‌ನಿಂದ ಥಾಣೆ ಎಷ್ಟು ದೂರವಾಗುತ್ತದೆಂದು ನಿಮಗೇ ಗೊತ್ತು.

ಮನೆಗೆ ಬಂದ ಮೇಲೆ ಒಂದೆರಡು ದಿನ ಭುಜ ನೋಯಬಹುದು. ಅದು ಹೊಟ್ಟೆಗೆ ತುಂಬಿದ ಗ್ಯಾಸಿನಿಂದ, ಹೆದರಬೇಕಿಲ್ಲ. ಗ್ಯಾಸಿನ ಒತ್ತಡದಲ್ಲಿ ಅಡಗಿದ್ದ ಸಣ್ಣ ಸೋರಿಕೆ ಮಾತ್ರ ಅದು ಹೋದ ಮೇಲೆ ಶುರುವಾಗಬಹುದು. ಹೊಟ್ಟೆನೋವು ಕಡಿಮೆಯಾಗುವ ಬದಲು ಏರುತ್ತಿದ್ದರೆ, ಹೊಟ್ಟೆ ಉಬ್ಬಿದರೆ, ಎದ್ದು ನಿಂತಾಗ ಕಣ್ಣು ಕತ್ತಲಾದರೆ, ಮುಖ ಬಿಳಿಚಿ ತಣ್ಣನೆ ಬೆವರಿದರೆ, ನಾಡಿ ಓಡುತ್ತಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ಒಂದು ಕಾಲು ಮಾತ್ರ ತಣ್ಣಗಾದರೂ, ಊದಿಕೊಂಡರೂ ಹಾಗೆಯೇ. 108ಕ್ಕೆ ಕರೆ ಮಾಡಿ, ಡಿಸ್ಚಾರ್ಜ್ ಕಾಗದ ಕೈಯಲ್ಲೇ ಹಿಡಿದು ಹೊರಡಿ.